ಮದ್ದಲಿ ಯಾರದು ಕೇಳ್ರಿ

“ಕಥಿ ನೋಡಿ ಆಟ ಆರಿಸಬ್ಯಾಡ್ರಿ ಮಾಸ್ತರ್ರ,” ಎಂದ ಧೊಂಡಿಬಾ, ಬಸಿಗೆ ಸುರುವಿಕೊಂಡ ಚಹಾವನ್ನು ಊದುತ್ತ. “ಕಥಿ ಎಲ್ಲಾ ಕಡಿ ಒಂದೇ ಇರ್ತದ. ರಾಕ್ಷಸ ಬರ್ತಾನ, ಕುಣೀತಾನ, ಸಾಯ್ತಾನ. ಮೊದ್ಲ ಮದ್ದಲಿ ಯಾರದು ಅಂತ ಕೇಳ್ರಿ. ಮದ್ದಲಿ ಚಲೋ ಇದ್ರ ಸತ್ತ ರಾಕ್ಷಸನೂ ಎದ್ದು ಕುಣೀತಾನ.”

ಮಲ್ಲಿಕಾರ್ಜುನಪ್ಪ ಮಾಸ್ತರರು ಆ ಮಾತನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಅವರು ಧಾರವಾಡದ ಕಡೆಯಿಂದ ಬೀದರಕ್ಕೆ ಬಂದು ಇನ್ನೂ ನಾಲ್ಕು ತಿಂಗಳಾಗಿತ್ತು. ನಿಜಾಮನ ಮೇಲೆ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷ ಕಳೆದಿದ್ದವು. ಅಲ್ಲಿಯವರೆಗೆ ಬರೀ ಉರ್ದು ಕೇಳಿಬರುತ್ತಿದ್ದ ಶಾಲೆಗಳಲ್ಲಿ ಕನ್ನಡದ ವರ್ಗಗಳು ಒಂದೊಂದಾಗಿ ತೆರೆಯುತ್ತಿದ್ದವು. ಕಲಿಸಲು ಜನ ಸಾಲದೆ ಹೊರಗಿನಿಂದ ಕರೆಸುತ್ತಿದ್ದರು. ಹಾಗೆ ಬಂದವರಲ್ಲಿ ಇವರೊಬ್ಬರು, ಪಕ್ಕದ ಬಾಕಿನ ತುದಿಗೆ ಸೆರಗು ಹೊದ್ದು ಕೂತಿದ್ದ ಅಂಜನಾಬಾಯಿ ಅಕ್ಕೋರು ಇನ್ನೊಬ್ಬರು. ಅಕ್ಕೋರು ಮುಂಬಯಿಯಲ್ಲಿ ಎರಡು ವರ್ಷ ಓದಿದವರು. ಅಲ್ಲಿ ದೊಡ್ಡ ಥೇಟರಿನಲ್ಲಿ ಮಾತಿಲ್ಲದೆ ಬರೀ ಕುಣಿತದಲ್ಲೇ ಕಥೆ ಹೇಳುವುದನ್ನು ನೋಡಿದ್ದರು. ಅದಕ್ಕೆ ಬ್ಯಾಲೆ ಅನ್ನುತ್ತಾರೆ, ನಿಮ್ಮ ದೊಡ್ಡಾಟವೂ ಅಂಥದ್ದೇ ಅಲ್ಲವೇನು ಎಂದು ಅವರು ಒಮ್ಮೆ ಅಂದದ್ದೇ ತಡ, ಧೊಂಡಿಬಾ ಆ ಶಬ್ದವನ್ನು ಎತ್ತಿಕೊಂಡುಬಿಟ್ಟಿದ್ದ. ಈಗ ಗಂಜಿನ ಪೇಟೆಯ ಹಮಾಲರ ಎದುರಿಗೂ “ನಮ್ಮ ಬ್ಯಾಲಿ, ನಮ್ಮ ಬ್ಯಾಲಿ” ಎನ್ನುತ್ತಿದ್ದ.

ಧೊಂಡಿಬಾ ಆ ಇಬ್ಬರೂ ಕಲಿಸುತ್ತಿದ್ದ ಶಾಲೆಯ ಚಪರಾಸಿ. ಗಂಟೆ ಹೊಡೆಯುವುದು, ಕೊಡಗಳಿಗೆ ನೀರು ತುಂಬುವುದು, ಕಾಗದ ಒಯ್ಯುವುದು ಅವನ ಕೆಲಸ. ಹೊಸದಾಗಿ ಬಂದವರಿಗೆ ಎಲ್ಲಿ ಯಾವ ಆಟ ನೋಡಬೇಕು ಎಂದು ಹೇಳುವ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ, ಅವನೇ ತೆಗೆದುಕೊಂಡಿದ್ದ. ಕೊಡದಿದ್ದರೂ ಅದು ಅವನಿಗೇ ಸಲ್ಲತಕ್ಕದ್ದು ಅನ್ನಿ. ಹದಿನಾಲ್ಕು ವರ್ಷ ಸೀರೆ ಉಟ್ಟು, ಬಳೆ ತೊಟ್ಟು, ಬೀದರ ಭಾಲ್ಕಿ ಔರಾದದ ನಡುವೆ ಇರುವ ಎಲ್ಲ ಊರುಗಳ ಆಟದ ಅಟ್ಟದ ಮೇಲೆ ರಾಣಿಯಾಗಿ ಕುಣಿದವನು. ಈಗ ನಲವತ್ತು ದಾಟಿ ಮೀಸೆ ಬಿಟ್ಟಿದ್ದ. ಆದರೂ ಚಹಾದ ಬಸಿ ಹಿಡಿಯುವಾಗ ಕಿರುಬೆರಳು ತಾನಾಗಿ ಮೇಲೇಳುತ್ತಿತ್ತು. ಮುಲ್ಕಿ ಪರೀಕ್ಷೆ ಪಾಸಾದ ಮಾಸ್ತರರು ತನ್ನ ಮಾತನ್ನು ಬರೆದುಕೊಳ್ಳುತ್ತಾರೆ ಎಂದರೆ ಅವನಿಗೆ ಅಷ್ಟಿಷ್ಟು ಸುಖವಲ್ಲ.

ಈ ಸಲ ಮಾತು ಬರೀ ಮನರಂಜನೆಯದಾಗಿರಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಒಂದು ಮೇಳ ಕರೆಸುವುದೆಂದು ಹೆಡ್‌ಮಾಸ್ತರರು ಒಪ್ಪಿದ್ದರು. ಈ ಇಬ್ಬರು ನೋಡಿ ಬಂದು ಯಾವ ಮೇಳ ಎಂದು ಹೇಳಬೇಕು. ಆಕ್ಷನ್ ಆದ ಮೇಲೆ ರಾತ್ರಿಯಿಡೀ ಆಡುವುದು ನಿಂತು, ಮಧ್ಯಾಹ್ನ ಸುರುಮಾಡಿ ದೀಪ ಹಚ್ಚುವುದರೊಳಗೆ ಮುಗಿಸುವ ರೂಢಿ ಬಂದಿದ್ದರಿಂದ ರವಿವಾರ ಹೋಗಿ ಬರಬಹುದಾಗಿತ್ತು. ಬರುವ ರವಿವಾರ ಔರಾದದಲ್ಲೂ ಆಟವಿತ್ತು, ಭಾಲ್ಕಿಯಲ್ಲೂ ಇತ್ತು.

“ಹಂಗಾದ್ರ ನೀವ ಹೇಳ್ರಿ,” ಎಂದರು ಅಂಜನಾಬಾಯಿ ಅಕ್ಕೋರು. “ಈ ಜಿಲ್ಲಾದಾಗ ಎಲ್ಲಾರಿಗಿಂತ ಚಲೋ ಮದ್ದಲಿ ಯಾರದ?”

ಧೊಂಡಿಬಾನ ನಾಲಗೆಯ ತುದಿಗೆ ಒಂದೇ ಹೆಸರು ಬಂದಿತ್ತು. ಇಪ್ಪತ್ತು ವರ್ಷಗಳಿಂದ ಬೇರೆ ಹೆಸರು ಅಲ್ಲಿಗೆ ಬಂದದ್ದೇ ಇಲ್ಲ. ಅವನು ಬಸಿ ಕೆಳಗಿಟ್ಟ, ಮೀಸೆ ಒರೆಸಿಕೊಂಡ.

“ಔರಾದದ ಹಣಮಂತಪ್ಪಂದ್ರಿ,” ಎಂದ. “ಔರಾದಕ್ಕ ಹೋಗೂಣು. ಭಾಲ್ಕಿದು ಈಗ ಏನಿಲ್ರಿ. ಮೊದಲಿನಂಗ ಉಳದಿಲ್ಲ.”

ಮಾಸ್ತರರು ಔರಾದ ಎಂದು ಬರೆದು, ಅದರ ಕೆಳಗೆ ಗೆರೆ ಎಳೆದರು. ಧೊಂಡಿಬಾ ಆ ಗೆರೆಯನ್ನು ನೋಡಿದ. ಕನ್ನಡ ಓದಲು ಅವನಿಗೆ ಬರುತ್ತಿರಲಿಲ್ಲ. ಆದರೆ ಗೆರೆ ಎಂದರೇನು ಎಂಬುದು ಯಾರಿಗೆ ತಿಳಿಯುವುದಿಲ್ಲ. ಮುಖ ಬಿಸಿಯಾಯಿತು. ಚಹಾ ಬಿಸಿ ಎಂದು ತನಗೆ ತಾನೇ ಹೇಳಿಕೊಂಡ.

ಭಾಲ್ಕಿಯ ಕರೀಮ ಸಾಬನ ಹೆಸರು ಹೇಳದೆ ಉಳಿದದ್ದಕ್ಕೆ ಕಾರಣ ಇತ್ತು, ಮತ್ತು ಆ ಕಾರಣ ಧೊಂಡಿಬಾನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ಪಾಪದವನು ಎಂದು ಬಿಟ್ಟುಬಿಡಬಹುದಾಗಿತ್ತು.

ಕರೀಮ ಸಾಬ ಅವನಿಗೆ ಕುಣಿತ ಕಲಿಸಿದ ಉಸ್ತಾದ. ಕಲಿಸಿದ್ದು ಎಲ್ಲಿ ಎಂದರೆ ಧೊಂಡಿಬಾನ ಊರಾದ ಔರಾದದ ಹೊರಗಿನ ಕಣದಲ್ಲಿ, ರಾಶಿ ಮುಗಿದ ಮೇಲೆ, ತೊಡೆಯ ಮೇಲೆ ತಾಳ ಹಾಕುತ್ತ. ಉಸ್ತಾದ ಮದ್ದಳೆ ಮುಟ್ಟಲು ಬಿಡಲು ಎರಡು ವರ್ಷ ಹಿಡಿದಿತ್ತು. ಈ ಕಡೆಯ ಮೇಳಗಳಲ್ಲಿ ಒಂದು ಪದ್ಧತಿ ಇದೆ: ವೇಷಗಾರ ಅಟ್ಟ ಹತ್ತಿದ ಕೂಡಲೇ ಮೊದಲು ದೇವರಿಗಲ್ಲ, ಮದ್ದಳೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳಬೇಕು. ಧೊಂಡಿಬಾ ಹದಿನಾಲ್ಕು ವರ್ಷ ಹಾಗೆ ಮುಟ್ಟಿದ್ದು ಕರೀಮ ಸಾಬನ ಮದ್ದಳೆಯನ್ನೇ. ವರ್ಷದಲ್ಲಿ ನಾಲ್ಕು ತಿಂಗಳು ಆ ಮನುಷ್ಯ ಧೊಂಡಿಬಾನ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದ, ಧೊಂಡಿಬಾನ ಹೆಂಡತಿ ಕಾಂತಾಬಾಯಿ ಬಡಿದ ರೊಟ್ಟಿ ತಿನ್ನುತ್ತಿದ್ದ. ಆಕ್ಷನ್ನಿಗೆ ಮುಂಚಿನ ಬೇಸಿಗೆಯಲ್ಲಿ ನಿಜಾಮನ ಕಡೆಯ ರಜಾಕಾರರು ಓಣಿಗೆ ನುಗ್ಗಿ ಮನೆಮನೆಯ ಜೋಳ ಹೊತ್ತುಕೊಂಡು ಹೋದಾಗ, ಧೊಂಡಿಬಾನ ಹೊಸ್ತಿಲ ಮೇಲೆ ಅಡ್ಡ ಕೂತು, “ಇದು ನನ್ನ ಮನಿ, ನನ್ನ ದಾಟಿ ಹೋಗ್ರಿ” ಎಂದು ಅವರನ್ನು ತಿರುಗಿಸಿದವನೂ ಅವನೇ.

ಅದಾದ ಮೇಲೆ ಭಾದ್ರಪದ ಬಂತು, ಫೌಜು ಬಂತು, ನಿಜಾಮ ಶರಣಾದ. ಹಳ್ಳಿಗಳಲ್ಲಿ ಲೆಕ್ಕ ತೀರಿಸಿಕೊಳ್ಳುವವರು ಹೊರಬಿದ್ದರು. ಯಾರು ಏನು ಮಾಡಿದ್ದರು ಎಂದು ನೋಡಲಿಲ್ಲ, ಹೆಸರು ಸಾಬರದಿದ್ದರೆ ಸಾಕಾಗಿತ್ತು. ಆ ವಾರ ಒಂದು ದಿನ, ಊಟದ ಹೊತ್ತಿಗೆ, ಭಾಲ್ಕಿಯಿಂದ ಹೊಲ ಹೊಲ ಹಿಡಿದು ನಡೆದು ಬಂದ ಕರೀಮ ಸಾಬನೂ ಅವನ ಹೆಂಡತಿ ಬಿಸ್ಮಿಲ್ಲಾಬಿಯೂ ಧೊಂಡಿಬಾನ ಬಾಗಿಲು ಬಡಿದರು. ಕೆಸರು ಮೊಣಕಾಲವರೆಗೆ ಹತ್ತಿತ್ತು. ಮುನ್ನಾದಿನ ತಾನೇ ಓಣಿಯಲ್ಲಿ ಯಾರೋ, ಸಾಬರನ್ನು ಒಳಗೆ ಕರೆದವರ ಮನೆಗೂ ಬೆಂಕಿ ಬೀಳುತ್ತದೆ ಎಂದು ಹೇಳಿಕೊಂಡು ಹೋಗಿದ್ದರು.

ಧೊಂಡಿಬಾ ಕಿಂಡಿಯಿಂದ ನೋಡಿದ. ನೋಡಿ, ಕಣಜದ ಹಿಂದೆ ಹೋಗಿ ಕೂತ. ಹೆಂಡತಿಗೆ ಕೈಸನ್ನೆ ಮಾಡಿದ.

“ಅವರು ಮನ್ಯಾಗ ಇಲ್ರಿ,” ಎಂದಳು ಕಾಂತಾಬಾಯಿ ಅರ್ಧ ಬಾಗಿಲು ತೆರೆದು.

ಬಿಸ್ಮಿಲ್ಲಾಬಿ ನೀರು ಕೇಳಿದಳು. ಕಾಂತಾಬಾಯಿ ನೀರು ಕೊಟ್ಟಳು, ನಾಲ್ಕು ರೊಟ್ಟಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟಳು. ಕರೀಮ ಸಾಬ ಒಳಗೆ ಬರಲೇ ಎಂದು ಕೇಳಲಿಲ್ಲ. ಗಂಡಸಿಲ್ಲದ ಮನೆಗೆ ಹೇಗೆ ಹೋಗುವುದು ಎಂದುಕೊಂಡಿರಬೇಕು. “ಎಲ್ಲಿ ಸಿಕ್ಕೊಂಡಾನೋ ಏನೋ,” ಎಂದ. “ಬಂದ್ರ ಜ್ವಾಕಿ ಇರಂತ ಹೇಳವ್ವಾ. ದಿನಾ ಚಲೋ ಇಲ್ಲ.” ಅಷ್ಟು ಹೇಳಿ ಇಬ್ಬರೂ ಜೋಳದ ಹೊಲಗಳ ಕಡೆಗೆ ಇಳಿದು ಹೋದರು. ಕಣಜದ ಹಿಂದೆ ಕೂತವನಿಗೆ ಒಂದೊಂದು ಅಕ್ಷರವೂ ಕೇಳಿತ್ತು.

ಮರುವರ್ಷ ಧೊಂಡಿಬಾ ಔರಾದ ಬಿಟ್ಟು ಬೀದರಕ್ಕೆ ಬಂದು ಚಪರಾಸಿಯಾದ. ಕುಣಿತ ಬಿಟ್ಟ. ಯಾಕೆ ಬಿಟ್ಟಿ ಎಂದವರಿಗೆ ಮೊಣಕಾಲು ನೋವು ಎಂದ. ಭಾಲ್ಕಿ ಬೀದರದಿಂದ ರೈಲಿನಲ್ಲಿ ಎಷ್ಟು ಮಹಾ ಹೊತ್ತಿನ ದಾರಿ? ಮೂರು ವರ್ಷದಲ್ಲಿ ಒಮ್ಮೆಯೂ ಆ ಕಡೆ ಕಾಲಿಡಲಿಲ್ಲ. ಭಾಲ್ಕಿಯ ಮೇಳವನ್ನು ಹೊರಗಿನ ಊರುಗಳವರು ಕರೆಯುವುದನ್ನೇ ಬಿಟ್ಟಿದ್ದಾರೆ, ಮದ್ದಳೆಗಾರ ಸಾಬರವನು ಎಂದು ಆಕ್ಷೇಪ ತೆಗೆಯುತ್ತಾರೆ, ವರ್ಷಕ್ಕೆ ಎರಡು ಮೂರು ಆಟ ತಮ್ಮ ಊರಿನಲ್ಲೇ ಆಡಿಕೊಂಡು ಸುಮ್ಮನಾಗುತ್ತಾರೆ ಎಂಬುದೆಲ್ಲ ಅವನ ಕಿವಿಗೆ ಬಿದ್ದಿತ್ತು. ಬೀದರದ ಸರಕಾರಿ ಶಾಲೆಯೇ ಕರೆಸಿತು ಅಂದರೆ ಅಂಥವರ ಬಾಯಿ ಮುಚ್ಚುತ್ತಿತ್ತು. ಇಷ್ಟನ್ನೂ ತಿಳಿದೇ ಅವನು ಗಂಜಿನ ಚಹಾದಂಗಡಿಯಲ್ಲಿ ಹಣಮಂತಪ್ಪನ ಹೆಸರು ಹೇಳಿದ್ದು. ಕರೀಮ ಸಾಬ ಶಾಲೆಗೆ ಬಂದರೆ ಅಂಗಳದಲ್ಲಿ ನೀರಿನ ಕೊಡ ಹಿಡಿದು ಅವನ ಎದುರಿಗೆ ಹೇಗೆ ನಿಲ್ಲುವುದು? ಇಷ್ಟೇ ಅವನ ತಲೆಯಲ್ಲಿದ್ದದ್ದು.

ರವಿವಾರ ಮೂವರೂ ಬಸ್ಸಿನಲ್ಲಿ ಔರಾದಕ್ಕೆ ಹೋದರು. ಆಟ ನಡೆಯಿತು, ಅಷ್ಟೇ. ಇಬ್ಬರು ಸವತಿಯರು ಜಗಳಾಡಿದರು, ರಾಜ ಕತ್ತಿ ತಿರುವಿದ, ಕತ್ತಿಯ ತಗಡು ಹಿಡಿಯಿಂದ ಕಳಚಿ ಜನರ ನಡುವೆ ಬಿದ್ದು ಎಲ್ಲರೂ ನಕ್ಕರು. ಹಣಮಂತಪ್ಪ ಒಳ್ಳೆಯವನು. ಮದ್ದಳೆಯನ್ನು ಜೋರಾಗಿ ಬಾರಿಸುತ್ತಿದ್ದ. ಜೋರಾಗಿ ಬಾರಿಸುವುದಕ್ಕೂ ಚೆನ್ನಾಗಿ ಬಾರಿಸುವುದಕ್ಕೂ ಏನು ಫರಕು ಎಂದು ಇವನೇ ಆ ಇಬ್ಬರಿಗೆ ನಾಲ್ಕು ತಿಂಗಳಿಂದ ಹೇಳಿಕೊಟ್ಟಿದ್ದನಲ್ಲ, ಅವರೂ ಕಲಿತುಬಿಟ್ಟಿದ್ದರು. ಅಕ್ಕೋರು ಎರಡು ಸಲ ತಿರುಗಿ ಇವನ ಮುಖ ನೋಡಿದರು. ಇವನು ಅಟ್ಟದ ಕಡೆಗೇ ನೋಡುತ್ತ ಕೂತಿದ್ದ.

ಆಟ ಮುಗಿದ ಮೇಲೆ ಮಾಸ್ತರರು ಹಣಮಂತಪ್ಪನನ್ನು ಹೊಗಳಲು ಹೋದರು. “ಜಿಲ್ಲಾದಾಗೇ ನಿಮ್ಮಂಥಾ ಮದ್ದಲಿ ಇಲ್ಲಂತ ನಮ್ಮ ಧೊಂಡಿಬಾ ಹೇಳಿದ್ರು,” ಎಂದರು.

ಹಣಮಂತಪ್ಪ ಬೆವರು ಒರೆಸಿಕೊಳ್ಳುತ್ತಿದ್ದವನು ಕೈ ನಿಲ್ಲಿಸಿದ. ಧೊಂಡಿಬಾನ ಕಡೆ ನೋಡಿದ, ಚೇಷ್ಟೆ ಇರಬೇಕು ಎಂದು ನಕ್ಕ.

“ಇವ ಹಂಗಂದ್ನಾ? ಇವಗ ಹುಚ್ಚು ಹಿಡದದ್ರಿ. ಭಾಲ್ಕಿ ಕರೀಮ ಸಾಬನ ಮುಂದ ನಾ ಮದ್ದಲಿ ಹೊರ್ಲಾಕೂ ಲಾಯಕ್ಕಿಲ್ಲ. ಈ ಧೊಂಡಿಬಾ ಅವನ ಕೈಯಾಗೇ ತಯಾರ ಆದಾಂವ. ಹೇಳಿಲ್ಲೇನು ನಿಮಗ?”

ಧೊಂಡಿಬಾನಿಗೆ ಅಲ್ಲೇ ನೆಲ ಬಾಯಿ ಬಿಟ್ಟರೆ ಸಾಕೆನ್ನಿಸಿತು. ಮಾಸ್ತರರು ಹಣಮಂತಪ್ಪನಿಗೆ ಕೈಮುಗಿದು ಬಸ್ಸಿನ ಕಡೆ ನಡೆದರು. ಅವರು ಸಭ್ಯರು, ಅದೇ ತೊಂದರೆ. ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬಸ್ಸು ಹೊರಟ ಮೇಲೆ, ಮುಂದಿನ ಸೀಟಿನಿಂದ ತಿರುಗಿ ಕೇಳಿದವರು ಅಕ್ಕೋರು.

“ಅವರ ಹೆಸರು ಯಾಕ ಹೇಳಲಿಲ್ಲ ಧೊಂಡಿಬಾ?”

“ಮುದುಕ ಆಗ್ಯಾನ್ರಿ,” ಎಂದ. “ಕೈ ನಿಂತಾವಂತ ಕೇಳಿದ್ದೆ.”

“ಯಾರು ಹೇಳಿದ್ರು?”

“ಯಾರೋ ಅಂದ್ರು.”

ಅಕ್ಕೋರು ಮುಂದೆ ತಿರುಗಿದರು. ಅವರ ಪಕ್ಕದಿಂದ ಮಾಸ್ತರರ ಧ್ವನಿ ಕೇಳಿತು: “ಮುಂದಿನ ಸೋಮವಾರ ಸೂಟಿ ಐತಿ. ಭಾಲ್ಕಿಯವರು ಆವತ್ತೂ ಆಡ್ತಾರಂತ. ಹೋಗಿ ನೋಡೇಬಿಡೂಣು. ನೀವೂ ಬರಬೇಕು ಧೊಂಡಿಬಾ, ನಿಮ್ಮ ಉಸ್ತಾದರ ಗುರ್ತು ಮಾಡಿಕೊಡ್ರಿ.” ಹೂಂ ಎನ್ನದೆ ಗತಿ ಇರಲಿಲ್ಲ. ಹೂಂ ಎಂದ.

ಮನೆಯಲ್ಲಿ ಹೇಳಿದರೆ ಕಾಂತಾಬಾಯಿಯಾದರೂ ಹೋಗಬೇಡ ಅಂದಾಳು ಎಂದು ಅವನಿಗೆ ಆಸೆಯಿತ್ತು. ಅವಳು ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

“ಹೋಗ್ರಿ. ಹೋಗಿ ಹೇಳಿ ಬರ್ರಿ.”

“ಏನು ಹೇಳ್ಲಿ?”

“ಏನಂತ ನನ್ನ ಕೇಳ್ತೀರಾ?” ಅವಳು ಹಿಟ್ಟಿನ ಕೈಯನ್ನೇ ತೋರಿಸಿದಳು. “ಕಣಜದ ಹಿಂದ ಕುಂತಾಂವ ನೀವು. ಇಲ್ಲ ಅಂದದ್ದು ನನ್ನ ಬಾಯಿ. ಮೂರು ವರ್ಸ ಆತು, ಬಿಸ್ಮಿಲ್ಲಾಬಿ ನೀರ ಕುಡದದ್ದು ನನ್ನ ಕಣ್ಣಾಗಿಂದ ಹೋಗವಲ್ದು. ಹೆಂಗ್ಸು ಅಂತ ನನ್ನ ಮುಂದ ಮಾಡಿ ನೀವು ಉಳಕೊಂಡ್ರಿ. ಈಗರ ನಿಮ್ಮ ಬಾಯಿಲೆ ಹೇಳ್ರಿ.”

ಇಷ್ಟು ದಿನ ಅವಳು ಈ ಮಾತು ಎತ್ತಿರಲಿಲ್ಲ. ಎತ್ತದಿದ್ದುದಕ್ಕೆ ಮರೆತಿದ್ದಾಳೆ ಎಂದು ಅವನು ತಿಳಿದಿದ್ದ. ಗಂಡಸರ ಬುದ್ಧಿ. ಆ ವಾರ ಅವನು ಶಾಲೆಯ ಗಂಟೆಯನ್ನು ಎರಡು ಸಲ ತಪ್ಪಾಗಿ ಹೊಡೆದ, ಹೆಡ್‌ಮಾಸ್ತರರಿಂದ ಬೈಸಿಕೊಂಡ. ಹೇಳುತ್ತೇನೆ ಎಂದು ಮುಂಜಾನೆ ನಿಶ್ಚಯ ಮಾಡುವುದು, ಸಂಜೆ ಯಾಕೆ ಹೇಳಬೇಕು ಎನ್ನುವುದು. ಉಸ್ತಾದನಿಗೆ ಹೇಗೂ ಗೊತ್ತೇ ಇರಬೇಕು, ಗೊತ್ತಿದ್ದವರಿಗೆ ಹೇಳುವುದೇನಿದೆ ಎಂದೂ ಅನ್ನಿಸಿತು. ನೋಡಿದ ಕೂಡಲೇ ಮುಖ ತಿರುಗಿಸುತ್ತಾನೆ, ಮಾಸ್ತರರ ಎದುರಿಗೆ ನಾಲ್ಕು ಮಾತು ಅನ್ನುತ್ತಾನೆ, ತಲೆ ತಗ್ಗಿಸಿ ಅನ್ನಿಸಿಕೊಂಡರಾಯಿತು. ಹಾಗೆ ಎಂದುಕೊಂಡಾಗ ಸ್ವಲ್ಪ ಸಮಾಧಾನವೇ ಆಯಿತು.

ಆದರೆ ಭಾಲ್ಕಿ ಸ್ಟೇಶನ್ನಿನಿಂದ ನಡೆದು ಕರೀಮ ಸಾಬನ ಅಂಗಳಕ್ಕೆ ಕಾಲಿಟ್ಟಾಗ ಆದದ್ದೇ ಬೇರೆ. ಕರೀಮ ಸಾಬ ಬಿಸಿಲಿಗೆ ಮದ್ದಳೆ ಒಡ್ಡಿ ಕೂತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಬಂದವರು ಯಾರೆಂದು ಹಣೆಗೆ ಕೈ ಅಡ್ಡ ಹಿಡಿದು ನೋಡಿದ, ಎದ್ದ, ಎದ್ದವನೇ ಬಂದು ಧೊಂಡಿಬಾನ ಎರಡೂ ಭುಜ ಹಿಡಿದು ಅಲ್ಲಾಡಿಸಿದ.

“ಧೊಂಡ್ಯಾ, ಜಿಂದಾ ಇದ್ದಿ ಏನೋ. ಏ ಬಿಸ್ಮಿಲ್ಲಾ, ಯಾರು ಬಂದಾರ ನೋಡ್ಬಾ ಇಲ್ಲಿ. ಮೀಸಿ ಬಿಟ್ಟಾನ ನೋಡು ನಿನ್ನ ರಾಣಿ.”

ಬಿಸ್ಮಿಲ್ಲಾಬಿ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಸೊಂಟ ಬಗ್ಗಿತ್ತು, ಎರಡು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು. ಕಾಂತಾಬಾಯಿ ಹೇಗಿದ್ದಾಳೆ ಎಂದು ಮೊದಲು ಕೇಳಿದಳು. “ಆವತ್ತು ನೀರು ಕೊಟ್ಳು, ರೊಟ್ಟಿ ಕೊಟ್ಳು. ಗಂಡ ಮನ್ಯಾಗಿಲ್ಲದ ಹೊತ್ತಿನ್ಯಾಗ ಪಾಪ ಒಬ್ಬಾಕೀನೇ ಎಷ್ಟು ಅಂಜಿದ್ಳೋ,” ಎಂದಳು. ಚಾಪೆ ಹಾಸಿದಳು, ಚಹಾಕ್ಕೆ ಇಡಲು ಒಳಗೆ ಹೋದಳು.

ಧೊಂಡಿಬಾ ಚಾಪೆಯ ಅಂಚಿಗೆ ಕೂತ. ಇವರಿಗೆ ಗೊತ್ತಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಮೂರು ವರ್ಷ ಅವನು ತಪ್ಪಿಸಿಕೊಂಡು ತಿರುಗಿದ್ದು ಬೈಯುವವರಿಂದ ಅಲ್ಲ. ತನ್ನನ್ನು ನಂಬಿ ಕೂತವರಿಂದ.

ಕರೀಮ ಸಾಬ ಅತಿಥಿಗಳಿಗೆ ತನ್ನ ಶಿಷ್ಯನನ್ನು ಹೊಗಳಲು ಸುರುಮಾಡಿದ್ದ. ಇವನು ಅಟ್ಟ ಹತ್ತಿದರೆ ಹೆಣ್ಣುಮಕ್ಕಳೇ ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು ಎಂದ. ಮಾಸ್ತರರು ನೋಟುಬುಕ್ಕು ತೆಗೆದರು. ಅಕ್ಕೋರು, “ಆಕ್ಷನ್ ಆದಾಗ ನಿಮಗ ಭಾಳ ತ್ರಾಸ ಆತೇನ್ರಿ?” ಎಂದು ಮೆಲ್ಲಗೆ ಕೇಳಿದರು.

“ಆತ್ರಿ. ಎಲ್ಲಾರಿಗೂ ಆತು. ಅದಕ್ಕಿಂತ ಮೊದ್ಲ ಇವರಿಗಾತು, ಆಮ್ಯಾಲ ನಮಗಾತು.” ಕರೀಮ ಸಾಬ ಗಡ್ಡ ಸವರಿಕೊಂಡ. “ಇಲ್ಲಿಂದ ಔರಾದಕ್ಕ ನಡಕೋತ ಹೋಗಿದ್ವಿ, ಇವನ ಮನೀಗೇ. ನಸೀಬ ನೋಡ್ರಿ, ಆವತ್ತೇ ಇವ ಮನ್ಯಾಗ ಇರಲಿಲ್ಲ. ಇದ್ದಿದ್ರ ಎಂಟು ದಿನ ಜ್ವಾಳದ ಹೊಲದಾಗ ಮಳ್ಯಾಗ ಮಲಗೋದು ನಮಗ ಬರ್ತಿರಲಿಲ್ಲ. ಈಕಿಗೆ ಆವತ್ತು ಹತ್ತಿದ ಕೆಮ್ಮು ಇದು. ಹೊಲದಾಗ ಈಕಿ ಅಳಾಕಿ, ಯಾರೂ ಇಲ್ಲ ನಮಗ ಅಂತ. ನಾ ಅಂತಿದ್ದೆ, ಹುಚ್ಚಿ, ಹಂಗನಬ್ಯಾಡ. ಎಲ್ಲಾರೂ ಬಾಗಿಲಾ ಹಾಕಿಲ್ಲ. ನಮ್ಮಾಂವ ಮನ್ಯಾಗ ಇರಲಿಲ್ಲ, ಅಷ್ಟೇ. ಅದೊಂದು ಮಾತು ಹಿಡಕೊಂಡು ಊರಿಗೆ ತಿರಿಗಿ ಬಂದ್ವಿ ನೋಡ್ರಿ. ಇಲ್ಲಂದ್ರ ಪಾಕಿಸ್ತಾನಕ್ಕ ಹೋಗೋರ ಗಾಡಿ ಹತ್ತತಿದ್ದೆ.”

ಮಾಸ್ತರರು ಬರೆಯುವುದನ್ನು ನಿಲ್ಲಿಸಿ ಧೊಂಡಿಬಾನನ್ನು ನೋಡಿದರು. ಅವರ ಕಣ್ಣಿನಲ್ಲಿ ಗೌರವವಿತ್ತು. ಅಕ್ಕೋರ ಕಣ್ಣಿನಲ್ಲೂ ಇತ್ತು. ಬಸ್ಸಿನಲ್ಲಿ ಅವರು ತಿರುಗಿ ನೋಡಿದಾಗಿನ ನೋಟವನ್ನು ಹೇಗೋ ತಡೆದುಕೊಂಡಿದ್ದ. ಇದನ್ನು ತಡೆದುಕೊಳ್ಳುವುದು ಅವನಿಂದ ಆಗಲಿಲ್ಲ. ಚಹಾ ಬಂತು. ಬಿಸ್ಮಿಲ್ಲಾಬಿ ಎಲ್ಲರಿಗಿಂತ ಮೊದಲು ಅವನಿಗೇ ಕೊಟ್ಟಳು. ಕುಡಿದ. ಏನು ಕುಡಿದೆ ಎಂದು ಅವನಿಗೆ ಗೊತ್ತಾಗಲಿಲ್ಲ.

ಮಾಸ್ತರರೂ ಅಕ್ಕೋರೂ ಅಟ್ಟ ಕಟ್ಟಿದ ಜಾಗ ನೋಡಲು ಎದ್ದು ಹೋದರು. ಬಿಸ್ಮಿಲ್ಲಾಬಿ ಕಪ್ಪು ಬಸಿ ತೆಗೆದುಕೊಂಡು ಒಳಗೆ ಹೋದಳು. ಕರೀಮ ಸಾಬ ನಾದಿದ ಕಣಕದ ಮುದ್ದೆಯನ್ನು ಎತ್ತಿಕೊಂಡು ಮದ್ದಳೆಯ ಎಡಮುಖಕ್ಕೆ ಮೆತ್ತತೊಡಗಿದ. ಅದು ಹೆಚ್ಚಾದರೆ ಸ್ವರ ಮಂದ, ಕಮ್ಮಿಯಾದರೆ ಚೀರಲು. ಅವನ ಹೆಬ್ಬೆರಳಿಗೆ ಆ ಹದ ಗೊತ್ತಿತ್ತು. ಅಂಚಿನಿಂದ ಅಂಚಿಗೆ ಒತ್ತುತ್ತ, ನಡುನಡುವೆ ಒಮ್ಮೆ ತಟ್ಟಿ ಕೇಳುತ್ತ, ಏನೋ ಗುನುಗುತ್ತಿದ್ದ.

“ಉಸ್ತಾದ್,” ಎಂದ ಧೊಂಡಿಬಾ.

“ಹೇಳಪಾ.”

“ಆವತ್ತು ನಾ ಮನ್ಯಾಗೇ ಇದ್ದೆ.”

ಕರೀಮ ಸಾಬನ ಗುನುಗು ನಿಂತಿತು. ಬೆರಳು ನಿಲ್ಲಲಿಲ್ಲ, ಇನ್ನೊಂದು ಸುತ್ತು ಹೋಗಿ ಬಂತು.

“ಕಣಜದ ಹಿಂದ ಕುಂತಿದ್ದೆ. ನೀ ಅಂದದ್ದೆಲ್ಲಾ ಕೇಳಸ್ತು. ಕಾಂತಾಂದು ಏನೂ ತಪ್ಪಿಲ್ಲ, ನಾನೇ ಹಂಗ ಹೇಳಂದೆ. ಅಂಜಿದೆ, ಉಸ್ತಾದ್.”

ಹೇಳಿಬಿಟ್ಟ. ಹೇಳಿದ ಕೂಡಲೇ, ಮೂರು ವರ್ಷ ಹೊತ್ತದ್ದು ಇಳಿಯಿತು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಆಮೇಲೆ ಕರೀಮ ಸಾಬನ ಮುಖ ನೋಡಿದ. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಬರಲು ಇನ್ನೂ ಏನೋ ಉಳಿದಿರಬೇಕಾಗುತ್ತದೆ. ಮುದುಕ ಅಂಗಳದ ಆಚೆ ಬಯಲು ನೋಡುತ್ತಿದ್ದ, ಅಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಒಳಗೆ ಬಿಸ್ಮಿಲ್ಲಾಬಿ ಕೆಮ್ಮಿದಳು, ಅವನು ಆ ಕಡೆ ಕಿವಿ ಕೊಟ್ಟು ಕೆಮ್ಮು ನಿಲ್ಲುವವರೆಗೆ ಕಾದ.

“ಈಕಿಗೆ ಹೇಳಬ್ಯಾಡ,” ಎಂದ.

“ಉಸ್ತಾದ್—”

“ಮೂರು ವರ್ಸ ತಡದಿ. ಇವತ್ತೇ ಯಾಕ ಹೇಳ್ದ್ಯೋ?” ಕೇಳಿದ ರೀತಿಯಲ್ಲಿ ಆರೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಂತಿತ್ತು. ಧೊಂಡಿಬಾನ ಬಳಿ ಇದ್ದ ಉತ್ತರ ತನಗೆ ಹಗುರಾಗಲಿ ಎಂಬುದಷ್ಟೇ, ಅದನ್ನು ಯಾವ ಬಾಯಿಯಿಂದ ಹೇಳುವುದು. ಕರೀಮ ಸಾಬ ಮತ್ತೆ ಮದ್ದಳೆಯ ಕಡೆ ಬಗ್ಗಿದ. “ಹಿಟ್ಟು ಒಣಗ್ತದ,” ಎಂದ. “ನೀ ಹೋಗಿ ಕುಂದರು. ಮಾಸ್ತರ್ರು ಹಾದಿ ನೋಡ್ತಿರಬೇಕು.”

ಆಟ ಮಧ್ಯಾಹ್ನ ಮೂರಕ್ಕೆ ಸುರುವಾಯಿತು. ಊರಿನ ಜನ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಬೀದರದಿಂದ ಬಂದವರಿಗೆಂದು ಮುಂದೆ ಒಂದು ಬಾಕು ಹಾಕಿದ್ದರು. ಧೊಂಡಿಬಾ ಕೆಳಗೆ ಕೂಡುತ್ತೇನೆ ಎಂದರೆ ಮಾಸ್ತರರು ಬಿಡಲಿಲ್ಲ, ಕೈ ಹಿಡಿದು ನಡುವೆ ಕೂರಿಸಿಕೊಂಡರು. ಶಾಲೆಯವರು ನೋಡಲು ಬಂದಿದ್ದಾರೆ ಎಂಬ ಸುದ್ದಿ ಮೇಳದವರಿಗೆಲ್ಲ ಹಬ್ಬಿತ್ತು. ಬಣ್ಣ ಹಚ್ಚಿಕೊಳ್ಳುವವರು ಪರದೆಯ ಸಂದಿಯಿಂದ ಇಣುಕಿ ನೋಡುತ್ತಿದ್ದರು. ಇವತ್ತು ಪಾಸಾದರೆ ಮೂರು ವರ್ಷದ ಮೇಲೆ ಊರು ದಾಟಿ ಆಡಬಹುದು ಎಂದು ತಾಳದವನು ಯಾರಿಗೋ ಹೇಳುತ್ತಿದ್ದುದು ಧೊಂಡಿಬಾನಿಗೂ ಕೇಳಿತು.

ಕರೀಮ ಸಾಬ ಬಾರಿಸಿದ. ಅದನ್ನು ಏನೆಂದು ಹೇಳುವುದು. ಮೊದಲ ಪೆಟ್ಟಿಗೇ ಗಲಾಟೆ ನಿಂತು ಜನ ನೆಟ್ಟಗೆ ಕೂತರು. ಅಕ್ಕೋರು ಬಾಯಿಗೆ ಸೆರಗು ಒತ್ತಿಕೊಂಡು, “ಅಯ್ಯೋ ಧೊಂಡಿಬಾ, ಇವರನ್ನ ಬಿಟ್ಟು ನಮ್ಮನ್ನ ಎಲ್ಲಿಗೆ ಕರಕೊಂಡು ಹೋಗಿದ್ರಿ?” ಎಂದರು. ಮಾಸ್ತರರು ಬರೆಯುವುದನ್ನೇ ಮರೆತಿದ್ದರು. ರಾಣಿಯ ವೇಷದಲ್ಲಿ ಮಡೆಪ್ಪ ಎಂಬ ಕುಂಬಾರ ಬಂದ. ಅಟ್ಟ ಹತ್ತಿ, ಮದ್ದಳೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಕುಣಿಯತೊಡಗಿದ. ಗಂಡನನ್ನು ಕಾಡಿಗೆ ಕಳಿಸಿದ ರಾಣಿ ಬಾಗಿಲಿಗೆ ಬಂದು ದಾರಿ ನೋಡುವ ಜಾಗ ಅದು. ಧೊಂಡಿಬಾ ಸಾವಿರ ಸಲ ಕುಣಿದ ಜಾಗ. ಎಲ್ಲಿ ತಿರುಗಬೇಕು, ಎಲ್ಲಿ ಪೆಟ್ಟು ಬೀಳುತ್ತದೆ, ಎಲ್ಲಿ ಕಾಲು ಇಳಿಯುತ್ತದೆ ಎಂಬುದು ಅವನ ಮೈಗೆ ಗೊತ್ತಿತ್ತು.

ಮಡೆಪ್ಪ ಮೂರು ಸುತ್ತು ತಿರುಗಿ ಬಂದು ಬಲಗಾಲು ಎತ್ತಿದ. ಎತ್ತಿದ ಕಾಲು ಪೆಟ್ಟಿನ ಮೇಲೆ ಇಳಿಯಬೇಕು.

ಪೆಟ್ಟು ಬೀಳಲಿಲ್ಲ.

ಅಷ್ಟು ವರ್ಷದಲ್ಲಿ ಕರೀಮ ಸಾಬನ ಕೈ ತಪ್ಪಿದ್ದನ್ನು ಧೊಂಡಿಬಾ ಕಂಡಿರಲಿಲ್ಲ. ಜ್ವರ ಇದ್ದಾಗ ತಪ್ಪಿರಲಿಲ್ಲ, ತಾಯಿ ಸತ್ತ ಮೂರನೆಯ ದಿನ ಬಾರಿಸಿದಾಗಲೂ ತಪ್ಪಿರಲಿಲ್ಲ. ತಾಳದವನು ತಬ್ಬಿಬ್ಬಾಗಿ ತಾಳ ಹಿಡಿದುಕೊಂಡ. ಮಡೆಪ್ಪನ ಕಣ್ಣು ಮದ್ದಳೆಯ ಕಡೆ ಹೊರಳಿತು. ಕಾಲು ಇಳಿಸಲು ಧೈರ್ಯವಾಗದೆ ಅವನು ಹಾಗೇ ನಿಂತ. ಇಡೀ ಬಯಲಿನಲ್ಲಿ ಒಂದು ಸಪ್ಪಳವಿಲ್ಲ.

“ಎಷ್ಟ ಚಂದ ನಿಲ್ಲಿಸಿದ್ರಲ್ಲ,” ಎಂದು ಅಕ್ಕೋರು ಉಸಿರಿನಲ್ಲೇ ಅಂದರು. ಅವರ ಕಣ್ಣು ತುಂಬಿತ್ತು. ಆಚೆ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

ಮಾಸ್ತರರು ಗಡಬಡಿಸಿ ಪೆನ್ಸಿಲು ತೆಗೆದರು, ಹಾಳೆ ತಿರುವಿದರು. “ಇವರನ್ನೇ ಕರಸೂಣು, ಮುಗೀತು,” ಎಂದರು. ಧೊಂಡಿಬಾನ ಕಡೆಗೆ ಬಾಗಿ, “ಹಿಂಗ ನಡುವ ನಿಲ್ಲಸೂದಕ್ಕ ನಿಮ್ಮಾಗ ಏನಂತಾರ್ರೀ, ಹೇಳ್ರಿ, ಬರಕೋತೇನಿ,” ಎಂದು ಕೇಳಿದರು.

ಅವರು ಕಾಯುತ್ತಿದ್ದರು, ಪೆನ್ಸಿಲಿನ ಮೊನೆ ಹಾಳೆಗೆ ತಗಲಿತ್ತು. ಧೊಂಡಿಬಾ ಬಾಯಿ ತೆರೆದ. ಎದುರಿಗೆ ಕರೀಮ ಸಾಬನ ಎರಡೂ ಅಂಗೈ ಮದ್ದಳೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಚಪ್ಪಾಳೆ ನಿಲ್ಲುತ್ತಿರಲಿಲ್ಲ, ರಾಣಿ ಇನ್ನೂ ಒಂಟಿಗಾಲಿನ ಮೇಲೆ ನಿಂತಿದ್ದಳು.